ಓರೆ ಕುತ್ತಿಗೆಗೆ ಒಗ್ಗಿಕೊಂಡ ಮನೆ

ಮೂರು ವರ್ಷಗಳ ಹಿಂದಿನ ಮಾತು. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಬೆನ್ನುಮೂಳೆಯ ಸರ್ಜನ್. ಆ ಕೆಲಸಕ್ಕೆ ಸೇರಿ ಆಗ ಹದಿನೇಳು ವರ್ಷ. ಪ್ರತಿ ಗುರುವಾರ ಸಿರುಗುಪ್ಪಕ್ಕೆ ಹೋಗಿ ಅರ್ಧ ದಿನ ರೋಗಿಗಳನ್ನು ನೋಡುತ್ತಿದ್ದೆ. ನಾನು ಕಾರಿನಿಂದ ಇಳಿಯುವಷ್ಟರಲ್ಲಿ ಬೆಂಚು ತುಂಬಿ, ಮೆಟ್ಟಿಲು ತುಂಬಿ, ಬೀದಿಯಲ್ಲಿ ನಿಂತ ಬೈಕುಗಳ ಮೇಲೂ ಸೊಂಟನೋವಿನವರು ಕೂತಿರುತ್ತಿದ್ದರು.

ಅಂಥ ಒಂದು ಗುರುವಾರ ಸಿರಿಗೇರಿಯ ಬಸವರಾಜ ತನ್ನ ಎಂಟು ವರ್ಷದ ಮಗಳು ಪಾರ್ವತಿಯನ್ನು ಕರೆತಂದ. ಗಂಟಲು ಬೇನೆ, ಜ್ವರ ಬಂದು ಹೋದ ಮೇಲೆ ಹುಡುಗಿಯ ತಲೆ ಬಲಕ್ಕೆ ತಿರುಗಿ ನಿಂತಿತ್ತು. ನೇರ ಮಾಡಲು ಹೋದರೆ ಅಳು. ಗಂಟಲಿನ ಸೋಂಕು ಕುತ್ತಿಗೆಯ ಮೇಲಿನ ಕೀಲನ್ನು ಸಡಿಲಿಸಿ ಹೀಗಾಗುವುದುಂಟು. ಮಾತ್ರೆ ಬರೆದೆ, ಮೆತ್ತನೆಯ ಕಾಲರ್ ಹಾಕಿದೆ, "ಕಡಿಮೆ ಆಗದಿದ್ದರೆ ವಾರ ಬಿಟ್ಟು ಬಾ" ಎಂದೆ. ಚಿಕಿತ್ಸೆಯೇನೂ ತಪ್ಪಲ್ಲ, ಬೇಗ ಬಂದ ಮಕ್ಕಳು ಹೆಚ್ಚಾಗಿ ಅಷ್ಟಕ್ಕೇ ಗುಣವಾಗುತ್ತಾರೆ. ಮುಂದಿನ ಗುರುವಾರ ಅವರು ಬರಲಿಲ್ಲ. ಗುಣವಾಗಿರಬೇಕು ಅಂದುಕೊಂಡು ನಾನು ಮರೆತೆ. ತಪ್ಪಾದದ್ದು ಅಲ್ಲಿ.

ನಾಲ್ಕು ತಿಂಗಳ ಮೇಲೆ ಅವಳನ್ನು ಮತ್ತೆ ಕರೆತಂದದ್ದು ಅಜ್ಜಿ ಈರಮ್ಮ. ಮಗ ಬಸವರಾಜ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

"ನೋಡ್ರಿ ಸರ, ಕೋಳಿ ಒಂದ ಕಣ್ಣಾಗ ಕಾಳು ನೋಡಿದಂಗ ನೋಡ್ತಾಳ ನಮ್ಮ ಪಾರಿ" ಎಂದಳು ಅಜ್ಜಿ.

ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಗದರಿದೆ. ಆಗ ಕಥೆ ಹೊರಬಿತ್ತು. ಹತ್ತು ದಿನಕ್ಕೆ ನೋವು ಹೋಗಿತ್ತು, ಓರೆ ಮಾತ್ರ ಉಳಿದಿತ್ತು. ಬೋರ್ಡು ನೇರ ಕಾಣಲೆಂದು ಶಾಲೆಯ ಟೀಚರ್ ಅವಳನ್ನು ಎಡಗಡೆಯ ಕೊನೆಯಲ್ಲಿ ಕೂರಿಸಿದ್ದರು. ಅವ್ವ ಎಡಕ್ಕೆ ಕೂತು ಜಡೆ ಹಾಕುತ್ತಿದ್ದಳು. ಊಟಕ್ಕೆ ತಟ್ಟೆ ಬಲಕ್ಕೆ ಇಡುತ್ತಿದ್ದರು. ಎಲ್ಲರೂ ಪ್ರೀತಿಯಿಂದಲೇ ಆ ಕುತ್ತಿಗೆಗೆ ಒಗ್ಗಿಕೊಂಡಿದ್ದರು. ಹುಡುಗಿಗೆ ತೊಂದರೆಯೇ ಕಾಣದ ಹಾಗೆ ಆಗಿತ್ತು.

ಈರಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿನಿಂದ ಮೆಲ್ಲಗೆ ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಮಾತಿನ ನಡುವೆ ಅದು ಗೊತ್ತಾದದ್ದೇ ತಡ, ಕೇಳಿದೆ: "ಕುತ್ತಿಗೆ ಏನಾದರೂ ತುಳಿದೆಯೇನಮ್ಮ?"

"ಹೆಗಲಿಂದ ಮ್ಯಾಲ ಕಾಲು ಹಚ್ಚಂಗಿಲ್ಲಂತ ನಮ್ಮವ್ವ ಆಣಿ ಹಾಕಿಸಿಕೊಂಡಾಳ. ಉಳುಕು ಅಂದ್ರ ಮೂರು ದಿನ, ಬಾಳ ಅಂದ್ರ ಎಂಟು ದಿನ. ನಾಕು ತಿಂಗಳು ಉಳುಕು ಇರತೈತೇನ್ರಿ? ಇವನಿಗೆ ದಿನಾ ಹೇಳೀನಿ. 'ಅರಾಮ ಅದಾಳ ಬಿಡಬೇ' ಅಂತಾನ. ಅರಾಮ ಅದಾಳಂತ, ಗಿರಣಿ ಮಷಿನ್ನು ವಾರೆ ಆದ್ರ ಹಿಂಗ ಬಿಡ್ತಿದ್ದೇನಲೇ?"

ಬಸವರಾಜ ಅಕ್ಕಿ ಗಿರಣಿಯಲ್ಲಿ ಆಪರೇಟರ್.

ಬಳ್ಳಾರಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಕುತ್ತಿಗೆಯ ಮೊದಲನೇ ಮೂಳೆ ಬಳೆಯಂತಿದೆ. ಎರಡನೆಯದು ನಡುವೆ ಒಂದು ಗೂಟ ಎತ್ತಿ ನಿಂತಿದೆ. ಬಳೆ ಆ ಗೂಟದ ಸುತ್ತ ತಿರುಗುವುದರಿಂದಲೇ ನಾವು ಆಚೆ ಈಚೆ ನೋಡುವುದು. ಪಾರ್ವತಿಯ ಬಳೆ ತಿರುಗಿದಲ್ಲೇ ಸಿಕ್ಕಿಕೊಂಡಿತ್ತು. ಅದರ ಭಾರಕ್ಕೆ ಕೆಳಗಿನ ಮೂಳೆಯ ಭುಜ, ಅಂದರೆ ಬಳೆ ಕೂರುವ ಅಂಚು, ಒಂದು ಕಡೆ ಇಳಿಜಾರಾಗಿತ್ತು. ಹಾಗೇ ಬಿಟ್ಟರೆ ಮುಖವೂ ಓರೆಯಾಗಿ ಬೆಳೆಯುತ್ತದೆ. ಎಲ್ಲಾದರೂ ಬಿದ್ದ ಒಂದು ಪೆಟ್ಟು ಬೆನ್ನುಹುರಿಗೇ ಕುತ್ತು ತರಬಹುದು.

ಬೆಂಗಳೂರಿನ ಸ್ನೇಹಿತರೊಬ್ಬರಿಗೆ ಚಿತ್ರ ಕಳಿಸಿದೆ. "ರಿಸ್ಕ್ ಯಾಕೆ ಸರ್, ಫ್ಯೂಸ್ ಮಾಡಿಬಿಡಿ" ಎಂದರು. ಎರಡೂ ಮೂಳೆಗಳನ್ನು ಸ್ಕ್ರೂ ಹಾಕಿ ಒಂದು ಮಾಡುವುದು. ಅದು ಒಳ್ಳೆಯ ದಾರಿಯೇ. ಆದರೆ ಕುತ್ತಿಗೆ ತಿರುಗುವ ಶಕ್ತಿಯಲ್ಲಿ ಸುಮಾರು ಅರ್ಧ ಜೀವನಪೂರ್ತಿ ಹೋಗುತ್ತದೆ. ಎಂಟು ವರ್ಷದ ಮೂಳೆ ಇನ್ನೂ ಹಸಿಮಣ್ಣು. ಸರಿಯಾದ ಜಾಗದಲ್ಲಿ ಸಾಕಷ್ಟು ದಿನ ಹಿಡಿದಿಟ್ಟರೆ ತನ್ನ ಆಕಾರ ತಾನೇ ತಿದ್ದಿಕೊಂಡೀತು ಎಂಬ ಧೈರ್ಯ ನನಗಿತ್ತು. ಹಿಂದೆ ಇಬ್ಬರು ಮಕ್ಕಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ. ಮನೆಯವರಿಗೆ ಎರಡೂ ದಾರಿ ಬಿಡಿಸಿ ಹೇಳಿದೆ. ಮೊದಲ ಸಲವೇ ನಾನು ಬೆನ್ನು ಹತ್ತಬೇಕಿತ್ತು, ಬಿಟ್ಟದ್ದು ನನ್ನ ತಪ್ಪು ಎಂದೂ ಹೇಳಿದೆ.

"ಒಪ್ಪಿಕೊಂಡ್ರಲ್ಲ, ಅದು ಆತು. ಇನ್ನ ಕೂಸಿನ ಕುತ್ತಿಗಿ ನೋಡ್ರಿ" ಎಂದಳು ಈರಮ್ಮ.

ಮೊದಲು ಟ್ರ್ಯಾಕ್ಷನ್. ಗದ್ದಕ್ಕೂ ತಲೆಯ ಹಿಂಬದಿಗೂ ಪಟ್ಟಿ ಕಟ್ಟಿ, ಹಾಸಿಗೆಯ ತಲೆದೆಸೆಯಲ್ಲಿ ಹಗ್ಗಕ್ಕೆ ತೂಕ ಇಳಿಬಿಟ್ಟು ಮೆಲ್ಲಗೆ ಎಳೆಯುವುದು. ಎರಡು ಕಿಲೋದಿಂದ ಆರಂಭಿಸಿ ಹಂತಹಂತವಾಗಿ ಮೂರೂವರೆಗೆ ಒಯ್ದೆವು. ಎರಡನೇ ದಿನ ಮಗಳ ಅಳು ತಾಳದೆ ಬಸವರಾಜ ತೂಕಕ್ಕೆ ಕೈ ಹಾಕಿದ. "ಮುಟ್ಟಿದ್ಯಪಾ ಅಂದ್ರ ಕೈ ಮುರೀತೀನಿ ನೋಡು!" ಅಜ್ಜಿಯ ಕೂಗು ನರ್ಸ್‌ಗಳ ಕೋಣೆಗೂ ಕೇಳಿತು. ಅಂದಿನಿಂದ ಆ ಹಗ್ಗಕ್ಕೆ ಅವಳೇ ಕಾವಲು. ನಾನು ಮುಟ್ಟಿದರೂ "ಯಾಕ್ರಿ?" ಎಂದು ಕೇಳುತ್ತಿದ್ದಳು.

ಹದಿನೈದನೇ ದಿನಕ್ಕೆ ತಲೆ ಅರ್ಧ ದಾರಿ ಬಂದು ನಿಂತಿತು. ಹದಿನಾರನೇ ದಿನ ಅರಿವಳಿಕೆ ಕೊಟ್ಟು, ಎಕ್ಸ್‌ರೇ ಪರದೆ ನೋಡುತ್ತ, ಎರಡೂ ಅಂಗೈಯಲ್ಲಿ ತಲೆ ಹಿಡಿದು ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ತಿರುಗಿಸಿದೆ. ಒಂದು ಹಂತದಲ್ಲಿ ಕೈಗೆ ಮಾತ್ರ ಗೊತ್ತಾಗುವಂಥ ಸಣ್ಣ ಜಾರಿಕೆ. ಪರದೆಯ ಮೇಲೆ ಬಳೆ ನೇರವಾಗಿತ್ತು. ಅಲ್ಲೇ ತಲೆಬುರುಡೆಗೆ ಎಂಟು ಪಿನ್ನುಗಳ ಹೇಲೋ ಉಂಗುರ ಕೂರಿಸಿ, ಎದೆಯ ಜಾಕೆಟ್ಟಿಗೆ ಸರಳುಗಳಿಂದ ಬಿಗಿದೆವು.

ಎಚ್ಚರವಾಗಿ, ಕೈಕಾಲು ಆಡಿಸಿ ತೋರಿಸಿದ ಮೇಲೆ ಹುಡುಗಿ ಕನ್ನಡಿ ಕೇಳಿದಳು. ನೋಡಿ ತುಟಿ ಉಬ್ಬಿಸಿದಳು.

"ಅಳಬ್ಯಾಡ ಲೇ, ಕಿರೀಟ ಇಟ್ಟ ಬಯಲಾಟದ ರಾಜ ಆಗೀದಿ" ಎಂದಳು ಅಜ್ಜಿ.

"ರಾಜ ಆದ್ರ ನೀನು ಕಾಲು ಒತ್ತು" ಎಂದಳು ಪಾರ್ವತಿ.

ಮೂರು ತಿಂಗಳು ಅವರು ಕುರುಗೋಡಿನಲ್ಲಿ ಪಾರ್ವತಿಯ ಸೋದರತ್ತೆಯ ಮನೆಯಲ್ಲಿದ್ದರು. ಬಳ್ಳಾರಿಗೆ ಅಲ್ಲಿಂದ ಹತ್ತಿರ. ದಿನಕ್ಕೆರಡು ಸಲ ಪಿನ್ನಿನ ಬುಡ ಒರೆಸಬೇಕು. ನಡುವೆ ಒಂದು ಪಿನ್ನು ಕೀವು ಕಟ್ಟಿತು. ಮರುದಿನವೇ ಬಂದರು, ಅಲ್ಲಿಗೇ ನಿಂತಿತು.

ಹೇಲೋ ಬಿಚ್ಚುವ ಮುನ್ನ ಸ್ಕ್ಯಾನ್ ನೋಡಿದೆ. ಇಳಿಜಾರಾಗಿದ್ದ ಮೂಳೆಯ ಭುಜ ತುಂಬಿಕೊಂಡಿತ್ತು. ಉಂಗುರ ಬಿಚ್ಚಿ, ವಾರಗಟ್ಟಲೆ ಕಾಲರ್‌ನಲ್ಲಿಟ್ಟು, ಕುತ್ತಿಗೆ ಮೆಲ್ಲಗೆ ಪಳಗಿದ ಮೇಲೆ ಒಂದು ದಿನ ಸ್ಟೂಲಿನ ಮೇಲೆ ಕೂರಿಸಿ "ಎಡಕ್ಕೆ ನೋಡವ್ವ" ಎಂದೆ. ಹುಡುಗಿ ಸೊಂಟದಿಂದ ಇಡೀ ಮೈಯನ್ನೇ ತಿರುಗಿಸಿದಳು. ಕುತ್ತಿಗೆ ಅಲ್ಲಾಡಲಿಲ್ಲ. ಅವಳ ಎಡಕ್ಕೆ ನಿಂತಿದ್ದ ಬಸವರಾಜ ಕಣ್ಣು ಮುಚ್ಚಿಕೊಂಡ. ಅವಳಿಗೆ ರೂಢಿಯೇ ಹಾಗಾಗಿದೆ ಎಂದು ನನಗೆ ಹೊಳೆಯಿತು. ಅವಳ ಎರಡೂ ತೋಳು ಹಿಡಿದುಕೊಂಡು "ಈಗ ನೋಡು" ಎಂದೆ. ಗದ್ದ ಹೊರಟಿತು, ತಡೆಯಿತು, ಮತ್ತೆ ಹೊರಟು ಎಡಗಡೆಯ ಹೆಗಲಿನ ಹತ್ತಿರ ಬಂತು.

"ಅಪ್ಪಾ, ಯಾಕ ಅಳಾಕತ್ತಿ?" ಎಂದಳು, ಅವನನ್ನೇ ನೋಡುತ್ತ.

ಬಾರದ ರೋಗಿ ಗುಣವಾದ ರೋಗಿಯಲ್ಲ. ಈ ಕೆಲಸ ನನಗೆ ಕಲಿಸಿದ ಪಾಠಗಳಲ್ಲಿ ಇದು ದೊಡ್ಡದು. ಈಗ ಓರೆ ಕುತ್ತಿಗೆಯ ಮಗು ಯಾವುದೇ ಬರಲಿ, ಎಂಟನೇ ದಿನ ನಾನೇ ಫೋನ್ ಮಾಡುತ್ತೇನೆ. ಕಳೆದ ತಿಂಗಳು ತೆಕ್ಕಲಕೋಟೆಯ ತಾಯಿಯೊಬ್ಬಳು "ಎಲ್ಲಾ ಅರಾಮ ಐತ್ರಿ ಸರ, ನೋವಿಲ್ಲ. ಸ್ವಲ್ಪ ವಾರೆ ಐತಿ, ಅಷ್ಟ" ಎಂದಳು.

"ಅಷ್ಟ ಅಲ್ಲವ್ವ. ಇವತ್ತ ಬಸ್ಸು ಹತ್ರಿ" ಎಂದೆ.