ಎಂಬೂಝಿ ಬೇಡ ಎಂದದ್ದು

ಈದ್ ರಜೆಗೆ ಆಫ್ರಿಕಾಕ್ಕೆ ಹೋಗುತ್ತೇವೆ ಎಂದಾಗ ಬರ್ ದುಬೈಯ ನಮ್ಮ ಕಟ್ಟಡದವರೆಲ್ಲ ಸಿಂಹದ ಫೋಟೊ ತರಲು ಹೇಳಿದರು. ನನಗೆ ಸಿಂಹ ಬೇಕಿರಲಿಲ್ಲ. ಹೆಂಡತಿಯ ಬಾಯಿಂದ ನಾಲ್ಕು ಮಾತು ಬಂದರೆ ಸಾಕಿತ್ತು. ಬಸುರಿನ ಐದನೇ ತಿಂಗಳಲ್ಲಿ ಮಗು ಹೋದ ಮೇಲೆ ಅವಳು ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು. "ಊರಿಗೆ ಟಿಕೆಟ್ ಮಾಡಿ. ಹೋಗ್ಲಿಕ್ಕೆ ಮಾತ್ರ ಸಾಕು," ಎಂದಿದ್ದಳು. ಮಾಡಿಸಿದ್ದೆ. ಟಿವಿಯ ಮೇಲಿಟ್ಟಿದ್ದ ಆ ಟಿಕೆಟ್ಟು ನೋಡಿದಾಗಲೆಲ್ಲ ಇವಳಿನ್ನು ಬರುವುದಿಲ್ಲ ಎಂದು ಹೆದರಿಕೆಯಾಗುತ್ತಿತ್ತು. ಕಡಲ ತಡಿಯಲ್ಲಿ ಬೆಳೆದವಳಿಗೆ ಅಷ್ಟರೊಳಗೆ ಒಂದು ಒಳ್ಳೆಯ ಕಡಲಾದರೂ ತೋರಿಸೋಣವೆಂದು ಜಂಜಿಬಾರಿಗೆ ಕರೆದೊಯ್ದೆ.

ಹೋಟೆಲಿನ ಮೆನು ನೋಡಿ ನಾನು ಕಲಿತ ಮೊದಲ ಸ್ವಾಹಿಲಿ ಪದ ಎಂಬೂಝಿ. ಅಂದರೆ ಆಡು. ನಮ್ಮಂಥ ಸಸ್ಯಾಹಾರಿಗಳಿಗೆ ಹೊಸ ಊರಿನಲ್ಲಿ ನಮಸ್ಕಾರಕ್ಕಿಂತ ಮೊದಲು ಬೇಕಾಗುವುದು ಇಂಥ ಪದಗಳು.

ಮರುದಿನ ಟ್ಯಾಕ್ಸಿಯವನು ದ್ವೀಪದ ಇನ್ನೊಂದು ಬದಿಗೆ ಕರೆದೊಯ್ದ. ಡಾಂಬರು ಮುಗಿದು, ಮಣ್ಣಿನ ರಸ್ತೆಯೂ ಮುಗಿದು, ತೆಂಗಿನ ಬುಡದಲ್ಲಿ ಕಾರು ನಿಂತಿತು. ಹೋಟೆಲಿಲ್ಲ, ಅಂಗಡಿಯಿಲ್ಲ. ನನ್ನ ಗ್ರಹಚಾರಕ್ಕೆ ಕಡಲೂ ಇರಲಿಲ್ಲ. ಇಳಿತವಾಗಿ ನೀರು ಎಲ್ಲೋ ದೂರ ಸರಿದಿತ್ತು. ಅಲ್ಲಿ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುವವರ ಹಾಗೆ ಬಗ್ಗಿ ಕಡಲಪಾಚಿ ಕೀಳುತ್ತಿದ್ದರು. ಹೆಂಡತಿ ಸುಮ್ಮನೆ ನೋಡಿದಳು. ನನಗೆ ನನ್ನ ಮೇಲೆಯೇ ರೇಗಿತು.

ಗುಡಿಸಲಿನ ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕೈಬೀಸಿ ಕರೆದಳು. ಹೆಂಡತಿಯ ಮುಖ ನೋಡಿದವಳೇ "ಎಂಬೂಝಿ, ಎಂಬೂಝಿ" ಎನ್ನುತ್ತ ಎದ್ದಳು. ನಾನು ಎರಡೂ ಕೈ ಆಡಿಸಿ, "ನೋ ಎಂಬೂಝಿ! ನೋ!" ಎಂದು ಕೂಗಿ, ಹೊಟ್ಟೆ ಮುಟ್ಟಿ, ತಲೆಯಲ್ಲಾಡಿಸಿದೆ. ಪಾಪ, ಅಜ್ಜಿ ನನ್ನನ್ನೊಮ್ಮೆ, ತಾನು ಕೂತಿದ್ದ ಮಣೆಯನ್ನೊಮ್ಮೆ ನೋಡಿದಳು. ಟ್ಯಾಕ್ಸಿಯವನಿಗೆ ನಗು ತಡೆಯಲಾಗಲಿಲ್ಲ. ಅವಳು ತಿನ್ನಲು ಕರೆಯುತ್ತಿಲ್ಲ, ಕೂರಲು ಮಣೆ ಬಿಟ್ಟುಕೊಡುತ್ತಿದ್ದಾಳೆ, ಆ ಮಣೆಗೂ ಇಲ್ಲಿ ಆಡು ಎಂದೇ ಹೆಸರು ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಮುಂದೆ ಕಬ್ಬಿಣದ ಹಲ್ಲು, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ನೋಡಿದರೆ ನಮ್ಮ ತುರಿಮಣೆ!

"ತುರಿಮಣೆಗೂ ಮಡಿ ಮಾಡಿದ್ರಲ್ಲ ಮಾರಾಯ್ರೆ!"

ಹೆಂಡತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮಣೆಯ ಮೇಲೆ ಕೂತು ಕಾಯಿಯ ಒಂದು ಕಡಿ ಕೈಗೆತ್ತಿಕೊಂಡಳು. ದುಬೈಯಲ್ಲಿ ಪ್ಯಾಕೆಟ್ಟಿನ ಒಣ ಪುಡಿಯಲ್ಲೇ ಸಂಸಾರ ಮಾಡಿದ್ದರೂ ಕೈಗೆ ಅಭ್ಯಾಸ ತಪ್ಪಿರಲಿಲ್ಲ. ತುರಿಯುತ್ತ ತುರಿಯುತ್ತ ನಗು ಅಳುವಾಯಿತು.  ಒಂದು ಕಡಿ ಮುಗಿದಾಗ ಅಜ್ಜಿ ಇನ್ನೊಂದು ಕೊಟ್ಟಳು. ಹತ್ತಿರ ಹೋಗಲೆಂದು ಎದ್ದ ನನ್ನನ್ನು ಕೂರುವಂತೆ ಸನ್ನೆ ಮಾಡಿ, ಅಂಗೈಗೆ ಒಂದಿಷ್ಟು ತುರಿ ಹಾಕಿದಳು. ಕೂತು ತಿಂದೆ.

ಮಧ್ಯಾಹ್ನದ ಹೊತ್ತಿಗೆ ನೀರು ತಿರುಗಿ ಬಂದು ತೆಂಗಿನ ಬುಡದವರೆಗೂ ಏರಿತು. ಅದೇ ಕಾಯಿಹಾಲಿನಲ್ಲಿ ಬೇಯಿಸಿದ ಅನ್ನವನ್ನು ಜಗಲಿಯಲ್ಲೇ ಉಂಡೆವು. ಹೆಂಡತಿ ಎರಡನೆಯ ಸಲ ಬಡಿಸಿಕೊಂಡಳು. ಅದನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು.

ಸಂಜೆ ಕಾರಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಅಲ್ಲ, ಊರಿಂದ ವಾಪಸ್ ಬರುವಾಗ ತುರಿಮಣೆ ತಂದ್ರೆ ದುಬೈ ಏರ್‌ಪೋರ್ಟಲ್ಲಿ ಬಿಡ್ತಾರಾ?"

ವಾಪಸ್ ಬರುವಾಗ. ನನಗೆ ಕೇಳಿಸಿದ್ದು ಅಷ್ಟೇ.

"ಬಿಡದೆ ಎಂತ," ಎಂದೆ. "ಆಡು ಅಂತ ಮಾತ್ರ ಹೇಳ್ಬೇಡ."