ಕಾಪಿ ಉಳಿಯದ ಮೇಲ್

ಅವರ ಬಲಗೈಯ ಕಿರುಬೆರಳು ಡೊಂಕು. ಹುಡುಗನಾಗಿದ್ದಾಗ ಧಾರವಾಡದಲ್ಲಿ ಕ್ರಿಕೆಟ್ ಚೆಂಡು ಬಡಿದು ಮುರಿದದ್ದು ನೆಟ್ಟಗೆ ಕೂಡಿರಲೇ ಇಲ್ಲ. ಎಂಟರ್ ಕೀ ಒತ್ತುವುದು ಅದೇ ಬೆರಳಿನಿಂದ. ಒತ್ತುವ ಮೊದಲು ಅದು ಒಂದು ಗಳಿಗೆ ಹಾಗೇ ನಿಲ್ಲುತ್ತಿತ್ತು; ಪರದೆಯ ಮೇಲಿನ ಸಾಲನ್ನು ಅವರು ತುಟಿ ಅಲ್ಲಾಡಿಸುತ್ತ ಇನ್ನೊಮ್ಮೆ ಓದುತ್ತಿದ್ದರು. ಅಮೆರಿಕದ ಟ್ರಾಯ್‌ನಲ್ಲಿ ಕಾರಿನ ಸೀಟು ಮಾಡುವ ಕಂಪನಿಯ ಆಫೀಸು. ಅವರು ನಮ್ಮ ಟೀಮ್ ಲೀಡ್, ನಾನು ಅವರ ಕೈಕೆಳಗಿನ ಪ್ರೋಗ್ರಾಮರ್.

ಎಲ್ಲರನ್ನೂ ಹೆಸರು ಹಿಡಿದು ಕರೆಯುವುದು ಇಲ್ಲಿನ ಪದ್ಧತಿ. ಮೈಸೂರಿನಲ್ಲಿ ಬೆಳೆದ ನನ್ನ ನಾಲಗೆ ಹೊರಳಬೇಕಲ್ಲ! ಮೀಟಿಂಗಿನಲ್ಲಿ 'ಹೀ' ಅಂದು ಸುಧಾರಿಸುತ್ತಿದ್ದೆ, ಕಾಫಿ ಮಷೀನಿನ ಹತ್ತಿರ ಬಂದರೆ ಅಂಕಲ್. ಅವರಿಗೆ ನಾನು ತಂಗಿ. ಅಂಕಲ್‌ಗೆ ತಂಗಿ ಆಗುವುದು ಯಾವ ಲೆಕ್ಕ ಅಂತ ನನ್ನ ಗಂಡ ನಗುತ್ತಿದ್ದ.

ಆಮೇಲೆ ಆ ನಗುವೂ ನಿಂತಿತು. ರಿಸೆಷನ್ ಬಂತು, ಗಂಡನ ಕೆಲಸ ಹೋಯಿತು, ಇಬ್ಬರೂ ನನ್ನ ವೀಸಾದ ಮೇಲೆ ನಿಂತೆವು. ನನ್ನದೂ ಹೋದರೆ ಗಂಟುಮೂಟೆ ಕಟ್ಟುವುದೇ. ಶುಕ್ರವಾರ ಯಾರದಾದರೂ ಕ್ಯೂಬಿಕಲ್‌ನಲ್ಲಿ ಫೋನ್ ರಿಂಗಾದರೆ ಸಾಕು, ನಾನು ಟೈಪ್ ಮಾಡುವುದು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಫೋನ್ ಎತ್ತಿದವರು ಎಚ್‌ಆರ್ ಕಡೆ ಹೋಗಿ, ಸೆಕ್ಯೂರಿಟಿಯವನ ಜೊತೆ ಸಾಮಾನು ತುಂಬಲು ರಟ್ಟಿನ ಪೆಟ್ಟಿಗೆ ಹಿಡಿದು ವಾಪಸ್ ಬರುತ್ತಿದ್ದರು. ದೇವಸ್ಥಾನದ ಊಟದ ಸಾಲಿನಲ್ಲೂ 'ನಿಮ್ಮ ಕಡೆ ಹೇಗಿದೆ?' ಎನ್ನುವುದೊಂದೇ ಮಾತು.

ಸಪ್ಲೈಯರ್‌ಗಳಿಗೆ ನಾವು ಮೇಲ್ ಕಳಿಸುತ್ತಿದ್ದದ್ದು ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಹೊಡೆದು. ಆ ಟೂಲ್ ಅಂಕಲ್ ಬರೆದದ್ದು. ಎಲ್ಲರ ಮೇಲ್‌ಗೂ ಇರುವ, ಕಳಿಸಿದ್ದರ ಕಾಪಿ ಇಡುವ 'ಸೆಂಟ್' ಫೋಲ್ಡರ್ ಅದಕ್ಕೆ ಇರಲಿಲ್ಲ. ಎಂಟರ್ ಹೊಡೆದರೆ ಹೋಯಿತು, ಗುರುತೂ ಉಳಿಯದು. ಕಾಪಿ ಉಳಿಸಲು ಏನೇನು ಆಪ್ಷನ್ ಇಡಬೇಕೆಂದು ಅವರು ವಾರಗಟ್ಟಲೆ ತಲೆಕೆಡಿಸಿಕೊಂಡರು. ಕಳಿಸುವ ಮೊದಲೇ ಕಾಪಿ ಇಟ್ಟು, ಮೇಲ್ ಹೋಗದಿದ್ದರೆ ಆ ಕಾಪಿ ಸುಳ್ಳು ಹೇಳುತ್ತದೆ. ಕಳಿಸಿದ ಮೇಲೆ ಇಡಲು ಹೋಗಿ ಡಿಸ್ಕ್ ತುಂಬಿದ್ದರೆ ಕಾಪಿಯೇ ಇಲ್ಲ. ಕೊನೆಗೆ, ಮೊದಲು ಒಂದು ಕಡೆ ಇಟ್ಟು, ಹೋದ ಮೇಲೆ ಇನ್ನೊಂದು ಕಡೆಗೆ ಸರಿಸುವುದೆಂದು ತೀರ್ಮಾನಿಸಿದರು. ಕೇಳಲಿ ಬಿಡಲಿ, ಕಾಪಿ ಉಳಿಯಲೇಬೇಕು ಎನ್ನುವುದು ಅವರ ಹಟ.

"ಬ್ಯಾಡ ಅನ್ನಾಂವ ಬಾಯಿಬಿಟ್ಟು ಬ್ಯಾಡ ಅನ್ನಲಿ," ಎನ್ನುತ್ತಿದ್ದರು. "ಹೆದರಿದ ಮನಷ್ಯಾಗ ಆಪ್ಷನ್ ಎಲ್ಲಿ ನೆನಪಿರ್ತದ, ತಂಗಿ?"

ಮ್ಯಾನೇಜರ್ ಒಪ್ಪಲಿಲ್ಲ. ಕಾಪಿ ತುಂಬಲು ಹೊಸ ಡಿಸ್ಕ್ ಕೊಳ್ಳುವ ಕಾಲವಲ್ಲ ಇದು, ಬೇಕಾದವರು ಕಮಾಂಡಿನ ಕೊನೆಗೆ ಆಪ್ಷನ್ ಹಾಕಿಕೊಳ್ಳಲಿ ಎಂದರು. ಹಾಗೆಯೇ ಆಯಿತು.

ಅದೇ ಚಳಿಗಾಲದಲ್ಲಿ ಒಂದು ಪ್ಲಾಂಟ್ ಕೆಲವು ವಾರ ಮುಚ್ಚುವುದೆಂದಾಯಿತು. ಲಾರಿ ಕಳಿಸಬೇಡಿ ಎಂದು ಶಿಕಾಗೋ ಕಡೆಯ ಸಪ್ಲೈಯರ್‌ಗೆ ತಿಳಿಸುವ ಕೆಲಸ ನನ್ನದು. ಶುಕ್ರವಾರ ತಿಳಿಸಿದೆ. ಸೋಮವಾರ ನೋಡಿದರೆ ಸೀಟಿನ ಫ್ರೇಮ್ ಹೊತ್ತ ಲಾರಿಗಳು ಹಿಮದಲ್ಲಿ, ಬೀಗ ಹಾಕಿದ ಗೇಟಿನ ಮುಂದೆ! ನಮಗೆ ಮೇಲ್ ಬಂದೇ ಇಲ್ಲ ಎಂದು ಆ ಕಡೆಯವರು ಸಾಧಿಸಿದರು. ನಾನು ಆಪ್ಷನ್ ಹಾಕಿರಲಿಲ್ಲ, ಕಾಪಿ ಇರಲಿಲ್ಲ. ಬುಧವಾರ ಮೀಟಿಂಗ್ ಕರೆದರು. ಅಷ್ಟರಲ್ಲಿ ಹೆದರಿಕೆಗೆ ನನಗೇ ಅನುಮಾನ ಹತ್ತಿತ್ತು, ಎಂಟರ್ ಹೊಡೆದೆನೋ ಇಲ್ಲವೋ.

"ಅಂಕಲ್, ನಾನು ಕಳಿಸೇ ಇಲ್ವೇನೋ," ಎಂದೆ. ಅಳು ಬಂದುಬಿಟ್ಟಿತು.

"ಏ ಹುಚ್ಚಿ, ಸ್ಟೋವ್ ಆರಿಸೇನೋ ಇಲ್ಲೋ ಅಂತ ಹೈವೇ ಎಕ್ಸಿಟ್ ತನಕಾ ಬಂದು ವಾಪಸ್ ಹೋಗಾಕಿ ನೀ. ಕಳಿಸೇ ಕಳಿಸಿರ್ತೀ. ಅಂಜಬ್ಯಾಡ."

ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನನ್ನೇ ನೋಡುತ್ತ, ಕಳಿಸಿದ್ದಕ್ಕೆ ಪುರಾವೆ ಏನು ಎಂದು ಕೇಳಿದರು. ಅಂಕಲ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಪುರಾವೆ ಉಳಿಯದ ಟೂಲ್ ಮಾಡಿದವನು ನಾನು, ತಪ್ಪು ನನ್ನ ಡಿಸೈನಿನದು, ಈಕೆಯದಲ್ಲ. ನನಗೆ ತಡೆಯಲಾಗಲಿಲ್ಲ. ಕಾಪಿ ಬೇಡವೆಂದವರು ನೀವೇ ಅಲ್ಲವೇ ಎನ್ನಲು ಮ್ಯಾನೇಜರ್ ಕಡೆ ತಿರುಗಿ ಬಾಯಿ ತೆರೆದೆ.

"ಸುಮ್ನ ಕೂಡ್ರು, ತಂಗಿ," ಎಂದರು ಅಂಕಲ್. ಆ ಕೋಣೆಯಲ್ಲಿ ಅವರು ಕನ್ನಡ ಆಡಿದ್ದು ಅದೊಂದೇ ಸಲ. ನಾನು ಸುಮ್ಮನೆ ಕೂತೆ.

ಶುಕ್ರವಾರ ಅವರ ಫೋನ್ ರಿಂಗಾಯಿತು. ಪೆಟ್ಟಿಗೆ ಹಿಡಿದು ಹೋಗುವಾಗ ನನ್ನ ಕ್ಯೂಬಿಕಲ್ ಹತ್ತಿರ ನಿಂತು, "ಊಟ ಮಾಡ್ದ್ಯಾ?" ಎಂದರು, ಅಷ್ಟೇ. ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನ ಅವರ ಮನೆಯನ್ನು ಆಗ ಕೊಳ್ಳುವವರೇ ಇರಲಿಲ್ಲ. ಶಿಕಾಗೋದಲ್ಲೊಂದು ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು. ಅವರ ಹೆಂಡತಿ, ನಮ್ಮ ಆಂಟಿ, ಇಲ್ಲಿ; ಅವರು ಅಲ್ಲಿ. ಐವತ್ತೈದು ದಾಟಿದ ಮನುಷ್ಯ ಹಿಮವಿರಲಿ ಏನಿರಲಿ, ವಾರವಾರ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದು ಹೋಗುತ್ತಿದ್ದರು.

ಅವರ ಕೆಲಸ ನನ್ನ ತಲೆಗೆ ಬಂತು, ಅವರ ಪಾಸ್‌ವರ್ಡೂ ಬಂತು. ಆಗ ತಿಳಿಯಿತು: ಯಾವ ಮೇಲ್ ಎಲ್ಲಿಗೆ ಹೋಯಿತೆಂದು ಮೇಲ್ ಸರ್ವರ್ ತಾನಾಗಿಯೇ ಲಾಗ್ ಎಂಬ ಫೈಲಿನಲ್ಲಿ ಒಂದೊಂದು ಸಾಲು ಬರೆದಿಡುತ್ತದೆ, ವಾರ ಕಳೆದರೆ ಅಳಿಸಿಹಾಕುತ್ತದೆ. ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲ. ಅದನ್ನು ತೆರೆದು ನೋಡಬಲ್ಲವರು ಆಗ ಅಂಕಲ್ ಒಬ್ಬರೇ. ಮೀಟಿಂಗಿನ ದಿನ ಆ ಶುಕ್ರವಾರದ ಸಾಲುಗಳು ಇನ್ನೂ ಅಲ್ಲೇ ಇದ್ದವು; ನನ್ನ ಕೈಗೆ ಬರುವಷ್ಟರಲ್ಲಿ ಅಳಿಸಿಹೋಗಿದ್ದವು.

ಫೋನ್ ಮಾಡಿದೆ. "ಅಂಕಲ್, ಸರ್ವರ್ ಲಾಗ್ ಇತ್ತಲ್ಲ! ಒಂದ್ಸಲ ನೋಡಿದ್ದಿದ್ರೆ ನಿಮ್ಮ ಕೆಲಸ ಉಳೀತಿತ್ತು. ಯಾಕೆ ನೋಡ್ಲಿಲ್ಲ?"

"ನೋಡಿದ್ದರ ಹೇಳಬೇಕಾಗ್ತಿತ್ತಲ್ಲ, ತಂಗಿ. ಹೋಗಿಲ್ಲ ಅಂತ ಇದ್ದಿದ್ದರ?"

ಆ ಮೇಲ್ ಹೋಗಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲವು ವರ್ಷಗಳ ಮೇಲೆ ಶಿಕಾಗೋದಲ್ಲೇ ಅವರ ಎದೆಬಡಿತ ನಿಂತಿತು. ಆಂಟಿ ಫೋನ್ ಮಾಡಿದಾಗ ನಾನು ಅದೇ ಆಫೀಸಿನಲ್ಲಿ, ಅವರದೇ ಕುರ್ಚಿಯಲ್ಲಿ ಕೂತಿದ್ದೆ.