ಅಮ್ಮ ಡಾಕ್ಟರಿಗೆ ಹೇಳದ ಮಾತು

ಗೆಳೆಯರೇ, ಇವತ್ತು ಬೆಳಿಗ್ಗೆ ಶಂಕರಪುರಂನ ಕ್ಯಾನ್ಸರ್ ಡಾಕ್ಟರ ಮುಂದೆ ನನ್ನ ಅಮ್ಮ ಮತ್ತೆ ಸುಳ್ಳು ಹೇಳಿದಳು.

“ಹೇಗಿದೀರಮ್ಮಾ?” ಎಂದರು ಅವರು.

“ಚೆನ್ನಾಗಿದೀನಿ ಡಾಕ್ಟ್ರೇ. ನೀವೇ ತುಂಬಾ ಸುಸ್ತಾದ ಹಾಗೆ ಕಾಣ್ತೀರ.”

ಕೀಮೋ ಶುರುವಾದ ಮೇಲೆ ಅಮ್ಮನ ಬೆರಳುಗಳು ಸದಾ ಜೋಮು ಹಿಡಿದಿರುತ್ತವೆ. ಈಗೀಗ ರವಿಕೆಯ ಹುಕ್ ಹಾಕಿಕೊಳ್ಳಲೂ ಆಗುತ್ತಿಲ್ಲ. ಇದು ಹೂ ಮಾರುವ ಅಕ್ಕನಿಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು. ಡಾಕ್ಟರಿಗೆ ಮಾತ್ರ ಗೊತ್ತಿಲ್ಲ. ಯಾಕಮ್ಮಾ ಎಂದರೆ, “ಹೊರಗೆ ಅಷ್ಟು ಜನ ಕಾಯ್ತಿರ್ತಾರೆ, ಪಾಪ, ಡಾಕ್ಟ್ರಿಗ್ಯಾಕೆ ತೊಂದರೆ” ಎನ್ನುತ್ತಾಳೆ.

ಇವತ್ತು ತಡೆಯಲಾಗದೆ ನಾನೇ ಹೇಳಿಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

“ನೀವು ಚೆನ್ನಾಗಿದೀನಿ ಅಂದಿದ್ದನ್ನ ನಂಬ್ಕೊಂಡು ನಾನು ಡೋಸ್ ಕಡಿಮೆ ಮಾಡ್ಲಿಲ್ಲಮ್ಮಾ. ಹೀಗೇ ಬಿಟ್ರೆ ಈ ಜೋಮು ಕೊನೇವರೆಗೂ ಉಳ್ಕೊಂಡ್ಬಿಡುತ್ತೆ. ನಾನೂ ಬಿಡಿಸಿ ಕೇಳ್ಬೇಕಿತ್ತು.”

ಮನೆಗೆ ಹೊರಟ ಆಟೋ ಗಾಂಧಿ ಬಜಾರ್ ದಾಟುವಾಗ ಅಮ್ಮ ನನ್ನತ್ತ ತಿರುಗಿದಳು.

“ಮನೆ ವಿಷಯ ಎಲ್ಲಾ ಅವರ ಹತ್ರ ಹೇಳ್ಬೇಕಿತ್ತಾ?”

ಅವಳ ಜೀವ ಯಾರ ಕೈಯಲ್ಲಿದೆಯೋ, ಇಡೀ ಬಸವನಗುಡಿಯಲ್ಲಿ ಅವರೊಬ್ಬರೇ ಅವಳಿಗೆ ಹೊರಗಿನವರು.